ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಟ್ಯೂಷನ್ ಬೇಕೆ?

(ದಾವಣಗೆರೆಯಲ್ಲಿ ಪ್ರೌಢಶಾಲಾ ಮಕ್ಕಳ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಅಂಗಡಿ ಬೇಗ ಮುಚ್ಚಿ, ಅಡುಗೆ ಅರ್ಧಕ್ಕೆ ಬಿಟ್ಟು ಬಂದಿದ್ದೀರಿ. ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿದವನು. ಜೂನ್ ತಿಂಗಳಲ್ಲಿ ಪೋಷಕರು ಬಂದು ಕೇಳುತ್ತಿದ್ದದ್ದು, "ಹುಡುಗ ಲೆಕ್ಕದಲ್ಲಿ ವೀಕು ಸಾರ್, ಎಲ್ಲಾದ್ರೂ ಟ್ಯೂಷನ್ನಿಗೆ ಹಾಕ್ಲಾ?" ಅಂತ. ಜನವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ಅದೇ ಪೋಷಕರು ಬಂದು, "ಟ್ಯೂಷನ್ನಿಗೂ ಕಳಿಸಿದ್ವಲ್ಲ ಸಾರ್, ಆದ್ರೂ ಯಾಕೆ ಹಿಂಗೆ?" ಅನ್ನುತ್ತಿದ್ದರು. ಅಷ್ಟರಲ್ಲಿ ಒಂದು ಮನೆಯ ದುಡ್ಡು, ಒಂದು ಮಗುವಿನ ಅಷ್ಟೂ ಸಂಜೆಗಳು ಖರ್ಚಾಗಿರುತ್ತಿದ್ದವು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಶಾಲೆಯಲ್ಲಿ ಆದ ಪಾಠವನ್ನೇ ಸಂಜೆ ಮತ್ತೆ ಒಪ್ಪಿಸುವ ಟ್ಯೂಷನ್ನಿನಿಂದ ಹಿಂದೆ ಬಿದ್ದ ಮಗುವಿಗೆ ಹೆಚ್ಚೇನೂ ಸಿಗುವುದಿಲ್ಲ. ಮಗು ಎಲ್ಲಿ ತಪ್ಪಿಸಿಕೊಂಡಿತು ಅನ್ನುವುದನ್ನು ಹುಡುಕಿ, ಅಲ್ಲಿಂದ ಕಲಿಸಿಕೊಂಡು ಬರುವ ಟ್ಯೂಷನ್ನಿನಿಂದ ಸಿಗುತ್ತದೆ, ಬಹಳ ಸಿಗುತ್ತದೆ. ಅದಕ್ಕೆ ನಾಲ್ಕು ಕಾಸು ಹೆಚ್ಚೇ ಕೊಟ್ಟರೂ ನಷ್ಟವಿಲ್ಲ. ತೊಂದರೆ ಏನೆಂದರೆ ಎರಡರ ಬಾಗಿಲಿನ ಮೇಲೂ ಒಂದೇ ರೀತಿಯ ಬೋರ್ಡು ಇರುತ್ತದೆ. ಯಾವುದು ಯಾವುದೆಂದು ಗುರುತಿಸುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಶೇಕಡಾ 85 ತೆಗೆಯುವ ಮಗುವನ್ನು 95ಕ್ಕೆ ಏರಿಸುವ ವಿಚಾರ ಇಲ್ಲಿಲ್ಲ. ನೀಟ್, ಸಿಇಟಿ ಕೋಚಿಂಗೂ ಬೇರೆ ಮಾತು. 80 ಅಂಕದ ಪ್ರಶ್ನೆಪತ್ರಿಕೆಯಲ್ಲಿ 14, 18, 22 ತೆಗೆಯುವ ಮಗು ಇದೆಯಲ್ಲ, ನೋಟ್ ಬುಕ್ ಅಚ್ಚುಕಟ್ಟಾಗಿ ತುಂಬಿರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಏನೂ ಬರುವುದಿಲ್ಲ, ಆ ಮಗುವಿನ ಬಗ್ಗೆ ಮಾತಾಡುತ್ತಿದ್ದೇನೆ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಹತ್ತನೇ ತರಗತಿಯ ವರ್ಗ ಸಮೀಕರಣ. ಎಕ್ಸ್ ಸ್ಕ್ವೇರ್ ಮೈನಸ್ 5 ಎಕ್ಸ್ ಪ್ಲಸ್ 6, ಈಕ್ವಲ್ ಟು ಸೊನ್ನೆ. ಇದರ ಶೋಧಕ, ಅಂದರೆ ಸಮೀಕರಣದ ಮೂಲಗಳು (ಉತ್ತರಗಳು) ಎಂಥವು ಎಂದು ತಿಳಿಸುವ ಸಂಖ್ಯೆ, ಕಂಡುಹಿಡಿಯಬೇಕು. ಸೂತ್ರ ಬಿ ಸ್ಕ್ವೇರ್ ಮೈನಸ್ 4 ಎಸಿ. ಹುಡುಗಿಗೆ ಸೂತ್ರ ಬಾಯಿಗೆ ಬಂದಿದೆ. ಎ ಅಂದರೆ 1, ಬಿ ಅಂದರೆ ಮೈನಸ್ 5, ಸಿ ಅಂದರೆ 6 ಎಂದು ಸರಿಯಾಗಿಯೇ ಬರೆದಿದ್ದಾಳೆ. ಮುಂದಿನ ಸಾಲಿನಲ್ಲಿ ಮೈನಸ್ 5ರ ವರ್ಗ ಮೈನಸ್ 25 ಎಂದು ಬರೆಯುತ್ತಾಳೆ. ಅದರಿಂದ 24 ಕಳೆದು ಮೈನಸ್ 49 ಎಂದು ಬರೆದು, ಶೋಧಕ ಸೊನ್ನೆಗಿಂತ ಕಡಿಮೆ, ಆದ್ದರಿಂದ ಮೂಲಗಳು ವಾಸ್ತವವಲ್ಲ ಎಂದು ಮುಗಿಸುತ್ತಾಳೆ. ಸರಿಯಾದ ಬೆಲೆ 25ರಲ್ಲಿ 24 ಹೋಗಿ 1. ಮೂಲಗಳು 2 ಮತ್ತು 3.

ಈಗ ಈ ಹುಡುಗಿಯ ಉತ್ತರವನ್ನು ಮತ್ತೊಮ್ಮೆ ನೋಡಿ. ಹತ್ತನೇ ತರಗತಿಯ ಪಾಠವನ್ನು ಅವಳು ಕಲಿತಿದ್ದಾಳೆ. ಸೂತ್ರ ಸರಿ, ಬೆಲೆ ಹಾಕಿದ್ದು ಸರಿ, ಶೋಧಕ ಋಣವಾದರೆ ಏನು ಹೇಳಬೇಕು ಎಂಬ ತೀರ್ಮಾನವೂ ಸರಿ. ಅವಳಿಗೆ ಬಾರದೆ ಇರುವುದು ಏಳನೇ ತರಗತಿಯ ಪೂರ್ಣಾಂಕಗಳ ಪಾಠ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಬರುತ್ತದೆ ಎಂಬುದು ಅವಳಿಗೆ ಅವತ್ತು ತಿಳಿಯಲಿಲ್ಲ. ಕೇಳಲು ಹೆದರಿಕೆಯಾಯಿತೋ, ಜ್ವರ ಬಂದು ಶಾಲೆ ತಪ್ಪಿಸಿದ್ದಳೋ, ಕೊರೋನಾ ವರ್ಷವೋ, ಅಂತೂ ತಿಳಿಯಲಿಲ್ಲ. ಆಮೇಲಿನ ಮೂರು ವರ್ಷ ಬೀಜಗಣಿತದ ಪ್ರತಿ ಪಾಠದಲ್ಲೂ ಅದೇ ಅವಳ ಕಾಲಿಗೆ ತೊಡರಿದೆ.

ಅವಳನ್ನು ಟ್ಯೂಷನ್ನಿಗೆ ಹಾಕಿದಿರಿ ಅನ್ನಿ. ಸಂಜೆ ಆರರಿಂದ ಏಳೂವರೆ, ಮೂವತ್ತು ಮಕ್ಕಳ ಬ್ಯಾಚು. ಟ್ಯೂಷನ್ ಸರ್ ವರ್ಗ ಸಮೀಕರಣದ ಸೂತ್ರವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಚೌಕ ಹಾಕುತ್ತಾರೆ. ಇಂಪಾರ್ಟೆಂಟ್ ಅನ್ನುತ್ತಾರೆ. ಹತ್ತು ಲೆಕ್ಕ ಅವರೇ ಬಿಡಿಸುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಇಳಿಸಿಕೊಂಡ ಲೆಕ್ಕ ಎಲ್ಲವೂ ಸರಿ ಇರುತ್ತದೆ, ಯಾಕೆಂದರೆ ಅದು ಸರ್ ಮಾಡಿದ ಲೆಕ್ಕ. ಮನೆಗೆ ಬಂದು ಪುಸ್ತಕ ತೋರಿಸಿದರೆ ನಿಮಗೂ ಸಮಾಧಾನ. ಮೈನಸ್ 5ರ ವರ್ಗ ಎಷ್ಟು ಎಂದು ಅವಳನ್ನು ಒಬ್ಬಳನ್ನೇ ಯಾರೂ ಕೇಳಲಿಲ್ಲ. ಶಾಲೆಯಲ್ಲಿ ಒಂದು ಸಲ ತಲೆಯ ಮೇಲೆ ಹಾದುಹೋದ ಪಾಠ, ಸಂಜೆ ಫೀ ಕಟ್ಟಿಸಿಕೊಂಡು ಇನ್ನೊಂದು ಸಲ ಹಾದುಹೋಯಿತು.

ಮಗ್ಗದಲ್ಲಿ ಒಂದು ಎಳೆ ಕಡಿದರೆ ನೇಕಾರ ಲಾಳಿಯನ್ನು ಜೋರಾಗಿ ಓಡಿಸುವುದಿಲ್ಲ. ನಿಲ್ಲಿಸುತ್ತಾನೆ, ಕಡಿದ ಎಳೆ ಹುಡುಕುತ್ತಾನೆ, ಗಂಟು ಹಾಕಿ ಮುಂದೆ ಹೋಗುತ್ತಾನೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೂ ಬೇಕಾದದ್ದು ಅಷ್ಟೇ.

ಇದು ನನ್ನೊಬ್ಬನ ಅನುಭವದ ಮಾತಲ್ಲ. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಜಾಂಡ್ರೊ ಗಾನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ಶಾಲೆ ಬಿಟ್ಟ ಮೇಲಿನ ಕಲಿಕಾ ಕೇಂದ್ರಗಳ ಮೇಲೆ ಒಂದು ಅಧ್ಯಯನ ಮಾಡಿದರು. 2019ರಲ್ಲಿ ಪ್ರಕಟವಾಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಕೇಂದ್ರಕ್ಕೆ ಯಾರು ಹೋಗಬೇಕು ಎಂಬುದನ್ನು ಲಾಟರಿ ಎತ್ತಿ ನಿರ್ಧರಿಸಿದ್ದರು, ಹಾಗಾಗಿ ಹೋದವರನ್ನೂ ಹೋಗದವರನ್ನೂ ನ್ಯಾಯವಾಗಿ ಹೋಲಿಸಬಹುದಿತ್ತು. ಅಲ್ಲಿ ಕಂಡ ಮೊದಲ ಸಂಗತಿ: ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಅಂತರ ನಾಲ್ಕೂವರೆ ತರಗತಿಯಷ್ಟಾಗಿತ್ತು. ಎರಡನೆಯದು ಇನ್ನೂ ನೋವಿನದು. ಕೇಂದ್ರಕ್ಕೆ ಹೋಗದೆ ಎಂದಿನಂತೆ ಶಾಲೆಗೆ ಮಾತ್ರ ಹೋದ ಮಕ್ಕಳಲ್ಲಿ, ಅತ್ಯಂತ ಹಿಂದಿದ್ದ ಮೂರನೇ ಒಂದು ಭಾಗದವರು ಅಧ್ಯಯನ ನಡೆದ ನಾಲ್ಕೂವರೆ ತಿಂಗಳಲ್ಲಿ ಹೇಳಿಕೊಳ್ಳುವಂಥ ಪ್ರಗತಿಯನ್ನೇ ಮಾಡಿರಲಿಲ್ಲ. ಪಾಠ ಅವರ ತರಗತಿಗೆ ತಕ್ಕಂತೆ ನಡೆಯುತ್ತಿತ್ತು, ಅವರ ಮಟ್ಟಕ್ಕೆ ತಕ್ಕಂತೆ ನಡೆಯುತ್ತಿರಲಿಲ್ಲ.

ಕೇಂದ್ರಗಳಲ್ಲಿ ಕಂಪ್ಯೂಟರು ಪ್ರತಿ ಮಗುವಿನ ಮಟ್ಟ ಅಳೆದು, ಅಲ್ಲಿಂದಲೇ ಲೆಕ್ಕ ಕೊಡುತ್ತಿತ್ತು. ಜೊತೆಗೆ ಸಣ್ಣ ಗುಂಪಿನಲ್ಲಿ ಒಬ್ಬರು ಕೂತು ಕಲಿಸುತ್ತಿದ್ದರು. ಅಲ್ಲಿಗೆ ಹೋದ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಚೆನ್ನಾಗಿ ಮುಂದೆ ಬಂದರು. ಆದರೆ ಇದರಲ್ಲಿ ಪೋಷಕರು ಮನಸ್ಸಿಟ್ಟು ಕೇಳಬೇಕಾದ ಒಂದು ಮಾತಿದೆ. ಗಣಿತದಲ್ಲಿ ಆ ಮಕ್ಕಳು ಕಲಿತದ್ದರಲ್ಲಿ ಹೆಚ್ಚಿನ ಪಾಲು ಕೆಳ ತರಗತಿಯ ಪಾಠ. ಅವರ ಈಗಿನ ತರಗತಿಯ ಪ್ರಶ್ನೆಗಳಲ್ಲಿ ಆ ಕಲಿಕೆ ಅಷ್ಟು ಬೇಗ ಕಾಣಿಸಿಕೊಳ್ಳಲಿಲ್ಲ. ಏಳನೇ ತರಗತಿಯ ಪೂರ್ಣಾಂಕ ಕಲಿತ ಹುಡುಗಿಗೆ ಮುಂದಿನ ತಿಂಗಳೇ ಹತ್ತನೇ ತರಗತಿಯ ಟೆಸ್ಟಿನಲ್ಲಿ ಅಂಕ ಏರುವುದಿಲ್ಲ. ನಡುವೆ ಇನ್ನೂ ಎರಡು ಮೆಟ್ಟಿಲು ಬಾಕಿ ಇರುತ್ತವೆ. ಅಂಕ ಏರಲಿಲ್ಲ ಅಂತ ಆ ಹೊತ್ತಿಗೆ ಟ್ಯೂಷನ್ ಬಿಡಿಸಿ, ಚೌಕ ಹಾಕಿ ಸೂತ್ರ ಬರೆಸುವ ಇನ್ನೊಂದು ಕಡೆಗೆ ಸೇರಿಸಿದರೆ ಆದ ಕೆಲಸವೂ ಹಾಳು.

ಟ್ಯೂಷನ್ ನಡೆಸುವವರಿಗೆ ಇದೆಲ್ಲ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಬಹಳ ಮಂದಿಗೆ ಗೊತ್ತಿದೆ. ಆದರೂ ಮಾಡುವುದಿಲ್ಲ. ಒಂದು ಕಾರಣ ಬಾಡಿಗೆ: ಕೊಠಡಿ, ಕರೆಂಟು, ಸಹಾಯಕರ ಸಂಬಳ ಎಲ್ಲ ಏಳಬೇಕಾದರೆ ಬ್ಯಾಚು ತುಂಬಿರಬೇಕು. ತುಂಬಿದ ಬ್ಯಾಚಿನಲ್ಲಿ ಒಬ್ಬೊಬ್ಬರ ತಪ್ಪು ಹುಡುಕಲು ಆಗುವುದಿಲ್ಲ. ಇನ್ನೊಂದು ಕಾರಣ ನಾವೇ, ಪೋಷಕರು. ಒಬ್ಬ ಒಳ್ಳೆಯ ಮೇಷ್ಟ್ರು ಒಂಬತ್ತನೇ ತರಗತಿ ಹುಡುಗನಿಗೆ ಭಿನ್ನರಾಶಿ ಕೂಡುವುದನ್ನು ಹೇಳಿಕೊಡಲು ಶುರು ಮಾಡುತ್ತಾರೆ ಅನ್ನಿ. ಹದಿನೈದು ದಿನಕ್ಕೆ ತಂದೆ ಬಂದು, "ಸ್ಕೂಲಲ್ಲಿ ಐದನೇ ಪಾಠ ನಡೀತಿದೆ, ನೀವಿನ್ನೂ ಅರ್ಧ ಕಾಲು ಲೆಕ್ಕ ಮಾಡಿಸ್ತಾ ಕೂತಿದೀರಲ್ಲ ಸಾರ್" ಎನ್ನುತ್ತಾರೆ. ಎರಡು ಸಲ ಹೀಗೆ ಕೇಳಿಸಿಕೊಂಡವರು ಮೂರನೇ ಸಲ ಐದನೇ ಪಾಠವನ್ನೇ ಮಾಡುತ್ತಾರೆ. ನಾವು ಏನನ್ನು ಕೇಳುತ್ತೇವೋ ಅದನ್ನೇ ಅವರು ಮಾರುತ್ತಾರೆ. ನಾವು ಕೇಳುವುದನ್ನು ಬದಲಾಯಿಸಿಕೊಳ್ಳದ ಹೊರತು ಅವರು ಬದಲಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಹಾಗಂತ ಟ್ಯೂಷನ್ ಮಾಡುವವರನ್ನೆಲ್ಲ ನಾನು ದೂರುವುದಿಲ್ಲ. ನಾನು ಕಂಡ ಅತ್ಯುತ್ತಮ ಮನೆಪಾಠಗಳು ಯಾವ ಬೋರ್ಡೂ ಇಲ್ಲದ ಮನೆಗಳಲ್ಲಿ ನಡೆದಿವೆ. ಬಿಎಸ್ಸಿ ಓದಿ ಮದುವೆಯಾಗಿ ಮನೆಯಲ್ಲಿರುವ ಹೆಣ್ಣುಮಗಳು, ನಡುಮನೆಯಲ್ಲಿ ಚಾಪೆ ಹಾಸಿ, ಆರೇಳು ಮಕ್ಕಳನ್ನು ಕೂರಿಸಿಕೊಂಡು, ಪ್ರತಿಯೊಬ್ಬರ ಪುಸ್ತಕ ತನ್ನ ಕೈಯಿಂದ ತಿದ್ದುತ್ತಾಳೆ. "ಹೆಂಗ್ ಮಾಡ್ದೆ, ಹೇಳು ನೋಡಣ" ಎಂದು ಕೇಳುತ್ತಾಳೆ. ಆ ಒಂದು ಪ್ರಶ್ನೆ ಕೇಳುವವರು ಸಿಕ್ಕರೆ ನಿಮ್ಮ ಮಗುವಿನ ಅದೃಷ್ಟ. ತಪ್ಪು ಉತ್ತರಕ್ಕೆ ಅಡ್ಡಗೆರೆ ಹಾಕುವುದು ಸುಲಭ. ಆ ಉತ್ತರಕ್ಕೆ ಮಗು ಹೇಗೆ ಬಂತು ಎಂದು ಕೇಳಿಸಿಕೊಳ್ಳಲು ತಾಳ್ಮೆ ಬೇಕು.

402ರಲ್ಲಿ 178 ಕಳೆ ಅಂದರೆ 376 ಎಂದು ಬರೆಯುವ ಮಕ್ಕಳು ಆರನೇ ತರಗತಿಯಲ್ಲೂ ಇದ್ದಾರೆ. ನಿಜವಾದ ಉತ್ತರ 224. 376 ಎಲ್ಲಿಂದ ಬಂತು? ಕೇಳಿದರೆ ಮಗು ಹೇಳುತ್ತದೆ: ಎರಡರಲ್ಲಿ ಎಂಟು ಹೋಗಲ್ಲ, ಅದಕ್ಕೇ ಎಂಟರಲ್ಲಿ ಎರಡು ಕಳೆದೆ, ಆರು, ಸೊನ್ನೆಯಲ್ಲಿ ಏಳು ಹೋಗಲ್ಲ, ಏಳರಲ್ಲಿ ಸೊನ್ನೆ ಕಳೆದೆ, ಏಳು, ನಾಲ್ಕರಲ್ಲಿ ಒಂದು ಹೋದರೆ ಮೂರು. ಎಷ್ಟು ಕ್ರಮವಾಗಿ ಯೋಚಿಸಿದೆ ನೋಡಿ ಆ ಮಗು! ಪ್ರತಿ ಸಲವೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ತನಗೆ ತಾನೇ ಒಂದು ನಿಯಮ ಮಾಡಿಕೊಂಡಿದೆ. ದಶಕ ತೆಗೆದುಕೊಳ್ಳುವುದು ಅದಕ್ಕೆ ಗೊತ್ತಿಲ್ಲ. ಈ ಮಗುವಿಗೆ ಇಂಥದೇ ಇನ್ನೂ ಐವತ್ತು ಲೆಕ್ಕ ಹೋಂವರ್ಕ್ ಕೊಟ್ಟರೆ ಐವತ್ತು ಸಲ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಹತ್ತರ ಕಂತೆ ಕಟ್ಟಿದ ಕಡ್ಡಿಗಳನ್ನು ಕೈಗೆ ಕೊಟ್ಟು ಮೂರು ದಿನ ಬಿಡಿಸಿ ಎಣಿಸಲು ಬಿಟ್ಟರೆ ದಾರಿಗೆ ಬರುತ್ತದೆ. ಇಂಥ ಮಗುವನ್ನು ದಡ್ಡ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ, ಯಾರು ಕರೆದರೂ ಒಪ್ಪುವುದಿಲ್ಲ.

ಇಡೀ ದೇಶದ ಪರಿಸ್ಥಿತಿಯೂ ಇದಕ್ಕಿಂತ ಬೇರೆಯಿಲ್ಲ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಅಸರ್ ಎಂಬ ಕಲಿಕಾ ಸಮೀಕ್ಷೆ 2024ರಲ್ಲಿ ಗ್ರಾಮೀಣ ಭಾರತದ ಮಕ್ಕಳ ಮನೆಗೇ ಹೋಗಿ ಪರೀಕ್ಷಿಸಿತು. ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ. 48.8. ಅರ್ಧಕ್ಕಿಂತ ಕಡಿಮೆ. ಭಾಗಾಕಾರ ಮಾಡಬಲ್ಲವರು ಮೂರರಲ್ಲಿ ಒಬ್ಬರೂ ಇಲ್ಲ. ಇವರೆಲ್ಲ ಆರು, ಏಳು, ಎಂಟು ದಾಟಿ ಹೈಸ್ಕೂಲಿಗೆ ಬರುತ್ತಾರೆ. ನಮ್ಮ ಕೈಗೆ ಬರುವಾಗ ಪಠ್ಯಪುಸ್ತಕ ಒಂಬತ್ತನೇ ತರಗತಿಯದು, ಮಗುವಿನ ಓದು ನಾಲ್ಕನೇ ತರಗತಿಯದು.

ದುಡ್ಡಿನ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2025ರಲ್ಲಿ ನಡೆಸಿದ ಶಿಕ್ಷಣ ವೆಚ್ಚದ ಸಮೀಕ್ಷೆಯಂತೆ ದೇಶದ ಶಾಲಾ ಮಕ್ಕಳಲ್ಲಿ ಶೇ. 27ರಷ್ಟು ಮಂದಿ ಟ್ಯೂಷನ್ನಿಗೋ ಕೋಚಿಂಗಿಗೋ ಹೋಗುತ್ತಿದ್ದರು. ಹಳ್ಳಿಯಲ್ಲೂ ನಾಲ್ವರಲ್ಲಿ ಒಬ್ಬರು. ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೋಗುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಆದರೆ ಅದು ಈ ಕಡೆಗೂ ಬರುತ್ತಿದೆ, ಒಂದನೇ ತರಗತಿಯ ಮಗುವನ್ನೂ ಟ್ಯೂಷನ್ನಿಗೆ ಕಳಿಸುವ ಮನೆಗಳು ಈ ಊರಿನಲ್ಲೇ ಇವೆ. ನನಗೆ ದುಡ್ಡಿಗಿಂತ ಹೆಚ್ಚು ಸಂಕಟ ಕೊಡುವುದು ಮಗುವಿನ ಹೊತ್ತು. ಬೆಳಿಗ್ಗೆ ಎಂಟೂವರೆಗೆ ವ್ಯಾನ್ ಹತ್ತಿದ ಮಗು ನಾಲ್ಕೂವರೆಗೆ ಇಳಿಯುತ್ತದೆ. ಏನೋ ಎರಡು ತುತ್ತು ತಿಂದು ಐದೂವರೆಗೆ ಟ್ಯೂಷನ್. ಎಂಟಕ್ಕೆ ಮನೆ. ಆಮೇಲೆ ಶಾಲೆಯ ಹೋಂವರ್ಕು, ಟ್ಯೂಷನ್ ಹೋಂವರ್ಕು. ತಾನೊಂದೇ ಕೂತು, ತಪ್ಪು ಮಾಡಿ, ಅಳಿಸಿ, ಮತ್ತೆ ಮಾಡುವುದಕ್ಕೆ ಹೊತ್ತೇ ಇಲ್ಲ. ಕಲಿಯುವುದು ಆ ಹೊತ್ತಿನಲ್ಲೇ. ಹೇಳುವುದನ್ನು ಕೇಳುವುದು ಎಂಟು ಗಂಟೆ, ಕೈಯಾರೆ ಮಾಡುವುದು ಸೊನ್ನೆ ಆದರೆ ಯಾವ ಮಗುವೂ ಕಲಿಯದು. ಆಟ, ನಿದ್ದೆ ಕಳೆದುಕೊಂಡದ್ದು ಬೇರೆ.

ಇನ್ನು ಟ್ಯೂಷನ್ನಿನಿಂದ ಎಂದೂ ಸರಿಹೋಗದ ಕೆಲವು ತೊಂದರೆಗಳಿವೆ. ಬೋರ್ಡು ಮಂಜಾಗಿ ಕಾಣುವ ಮಗು ತನಗೆ ಕಾಣುವುದಿಲ್ಲ ಎಂದು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ, ಕಾಪಿ ಹೊಡೆಯುತ್ತಾನೆ ಎಂದು ಬೈಸಿಕೊಳ್ಳುತ್ತದೆ. ಫೀ ಕಟ್ಟುವ ಮುಂಚೆ ಕಣ್ಣು, ಕಿವಿ ತೋರಿಸಿ. ಎಷ್ಟು ಬುದ್ಧಿವಂತ ಮಾತಾಡಿದರೂ ಓದಲು ಕೂತರೆ ಅಕ್ಷರ ಅದಲುಬದಲಾಗುವ, ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುವ, ಎಷ್ಟು ತಿದ್ದಿಸಿದರೂ ಕಾಗುಣಿತ ಕೂರದ ಮಗುವಿಗೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಪರೀಕ್ಷಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ. ಆ ಮಗುವಿಗೆ ಬೇಕಾದದ್ದು ವಿಶೇಷ ತರಬೇತಿ ಪಡೆದ ಶಿಕ್ಷಕರು. ಮೂವತ್ತು ಮಕ್ಕಳ ಬ್ಯಾಚು ಅದಕ್ಕೆ ಹಿಂಸೆ.

ಇಂಗ್ಲಿಷ್ ಮೀಡಿಯಂ ವಿಚಾರವನ್ನೂ ಹೇಳಲೇಬೇಕು. ಮನೆಯಲ್ಲಿ ಕನ್ನಡವೋ ಉರ್ದುವೋ ಲಂಬಾಣಿಯೋ ಆಡುವ ಮಗು, ವಿಜ್ಞಾನದ ಪ್ರಶ್ನೆಗೆ ಕನ್ನಡದಲ್ಲಿ ಕೇಳಿದರೆ ಪಟಪಟನೆ ಉತ್ತರ ಹೇಳುತ್ತದೆ, ಕಾಗದದ ಮೇಲೆ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಇದ್ದರೆ ಏನು ಕೇಳಿದ್ದಾರೆ ಎಂದೇ ತಿಳಿಯುವುದಿಲ್ಲ. ಪ್ರಶ್ನೆಯಲ್ಲಿ ಪರಿಚಯದ ಒಂದು ಪದ ಕಂಡರೆ, ಆ ಪದ ಇರುವ ಬಾಯಿಪಾಠದ ಉತ್ತರವನ್ನು ತಂದು ಸುರಿಯುತ್ತದೆ. ನೀವು ಅದಕ್ಕೆ ವಿಜ್ಞಾನದ ಟ್ಯೂಷನ್ ಕೊಡಿಸುತ್ತೀರಿ. ವಿಜ್ಞಾನ ಬರುತ್ತದೆ, ಓದಿ ಅರ್ಥ ಮಾಡಿಕೊಳ್ಳುವುದು ಬರುವುದಿಲ್ಲ. ಅಲ್ಲಿ ಬೇಕಾದದ್ದು ದಿನಾ ಅರ್ಧ ಗಂಟೆ ಇಂಗ್ಲಿಷ್ ಓದಿಸಿ, ಓದಿದ್ದನ್ನು ಮನೆಮಾತಿನಲ್ಲಿ ಹೇಳಿಸುವವರು.

ಹಾಗಾದರೆ ಟ್ಯೂಷನ್ನಿಗೆ ಸೇರಿಸುವ ಮುಂಚೆ ಏನು ಕೇಳಬೇಕು? ನಾನಾಗಿದ್ದರೆ ಹಿಂದಿನ ವರ್ಷದ ರ‍್ಯಾಂಕು, ಡಿಸ್ಟಿಂಕ್ಷನ್ ಫೋಟೋಗಳನ್ನು ನೋಡುವುದೇ ಇಲ್ಲ. ಅವು ಚೆನ್ನಾಗಿ ಓದುವ ಮಕ್ಕಳ ಫೋಟೋ. "ಹೋದ ವರ್ಷ ಹದಿನೈದು ಅಂಕ ತೆಗೀತಿದ್ದ ಮಗು ಯಾವುದಾದ್ರೂ ನಿಮ್ಮ ಹತ್ರ ಬಂದಿತ್ತಾ, ಅದಕ್ಕೆ ಏನು ಮಾಡಿದ್ರಿ?" ಎಂದು ಕೇಳುತ್ತೇನೆ. ಉತ್ತರದಲ್ಲಿ ಆ ಮಗುವಿನ ವಿವರ ಬಂದರೆ, ಎಲ್ಲಿ ತಪ್ಪುತ್ತಿತ್ತು, ಎಲ್ಲಿಂದ ಶುರು ಮಾಡಿದೆವು ಎಂಬ ಮಾತು ಬಂದರೆ ಕೂತು ಮಾತಾಡುವಂಥ ಜಾಗ ಅದು. "ನಮ್ಮ ನೋಟ್ಸ್ ಓದಿದ್ರೆ ಸಾಕು" ಅಂದರೆ ನಮಸ್ಕಾರ ಹೇಳಿ ಬರುತ್ತೇನೆ. ಮೊದಲ ವಾರ ಕೆಳಗಿನ ತರಗತಿಗಳ ಲೆಕ್ಕ ಕೊಟ್ಟು, ಓದಿಸಿ, ಮಗುವಿನ ಮಟ್ಟ ನೋಡುತ್ತಾರೆಯೇ ಎಂದು ಕೇಳಿ. ಹಿಂದೆ ಬಿದ್ದವರ ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಮಕ್ಕಳಿದ್ದರೆ ನನಗೆ ನಂಬಿಕೆ ಕಡಿಮೆ. ಒಂದು ದಿನ ಹೊರಗೆ ನಿಂತು ಗಮನಿಸಿ: ಪೆನ್ಸಿಲ್ ಓಡುತ್ತಿರುವುದು ಮಕ್ಕಳ ಕೈಯಲ್ಲೋ, ಸೀಮೆಸುಣ್ಣ ಓಡುತ್ತಿರುವುದು ಬೋರ್ಡಿನ ಮೇಲೋ? ಹಿಂದುಳಿದವರನ್ನು ಬೇರೆ ಕೂರಿಸಿ ಹೆಸರಿಟ್ಟು ಕರೆಯುವ ಜಾಗಕ್ಕೆ ಪುಕ್ಕಟೆಯಾದರೂ ಕಳಿಸಬೇಡಿ.

ವರ್ಷದ ಫೀ ಒಟ್ಟಿಗೆ ಕಟ್ಟಬೇಡಿ. ಆ್ಯಪಿನವರು ಮನೆಗೇ ಬಂದು, ಟ್ಯಾಬ್ ಕೈಗಿಟ್ಟು, ತಿಂಗಳ ಕಂತಿನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಸಾಲ ಎಂಬುದು ಎಷ್ಟೋ ಮನೆಗಳಿಗೆ ಆಮೇಲೆ ತಿಳಿದಿದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳಿಗೆ ಅನ್ವಯಿಸುವಂಥದ್ದು. ಪಾಠ ಮಾಡುವವರು ಪದವೀಧರರಾಗಿರಬೇಕು, ಅಂಕ, ರ‍್ಯಾಂಕುಗಳ ಸುಳ್ಳು ಭರವಸೆ ಕೊಡಬಾರದು, ನಡುವೆ ಬಿಟ್ಟರೆ ಉಳಿದ ಅವಧಿಯ ಫೀ ಹತ್ತು ದಿನದೊಳಗೆ ಹಿಂತಿರುಗಿಸಬೇಕು ಎಂದೆಲ್ಲ ಇದೆ. ಹದಿನಾರು ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದೂ ಇದೆ. ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ, ಆದರೂ ಫೀ ವಾಪಸ್ ಕೇಳುವಾಗ ಈ ಮಾತು ಬಾಯಲ್ಲಿರಲಿ.

ಶಾಲೆಯಲ್ಲಿ ಪಾಠ ಮಾಡುವ ಶಿಕ್ಷಕರೇ ತಮ್ಮ ಟ್ಯೂಷನ್ನಿಗೆ ಬಾ ಎಂದು ಮಗುವನ್ನು ಕರೆದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸಿದೆ. ಹೋಗದಿದ್ದರೆ ಆಂತರಿಕ ಅಂಕ ಕಡಿಮೆಯಾದೀತು ಎಂಬ ಹೆದರಿಕೆಗೆ ಕಟ್ಟುವ ಫೀ ನಿಮ್ಮ ಮಗುವಿಗೆ ಒಂದಕ್ಷರವನ್ನೂ ಕಲಿಸುವುದಿಲ್ಲ. ಮುಖ್ಯೋಪಾಧ್ಯಾಯರ ಬಳಿ ಹೋಗಿ, ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಕೊಡಿ.

ಅದೇ ಕಾಯ್ದೆಯ 24ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು, ಬೇಕಾದ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ. ಟ್ಯೂಷನ್ನಿನಲ್ಲಿ ದುಡ್ಡು ಕೊಟ್ಟು ಕೊಳ್ಳಲು ಹೊರಟಿರುವುದನ್ನು ಕಾನೂನು ಎಂಟನೇ ತರಗತಿಯವರೆಗೆ ಶಾಲೆಯ ಕೆಲಸ ಎಂದೇ ಬರೆದಿಟ್ಟಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆ ನೋಡಿ ಸರಿಪಡಿಸುವ ಸೇತುಬಂಧ ಇದೆ, ಪರಿಹಾರ ಬೋಧನೆ ಇದೆ, ಕೊರೋನಾ ನಂತರ ಕಲಿಕಾ ಚೇತರಿಕೆ ಬಂತು, ಆಮೇಲೆ ಮರುಸಿಂಚನ ಎಂಬ ಕಾರ್ಯಕ್ರಮ ಬಂತು. ಮನಸ್ಸಿಟ್ಟು ಮಾಡಿದ ಶಾಲೆಗಳಲ್ಲಿ ಇವುಗಳಿಂದ ಮಕ್ಕಳು ಓದಲು ಕಲಿತದ್ದನ್ನು ಕಣ್ಣಾರೆ ಕಂಡಿದ್ದೇನೆ. ದಾಖಲೆ ತುಂಬುವುದರಲ್ಲೇ ಮುಗಿದುಹೋದ ಕಡೆಯೂ ಇವೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದಾಗ ಕಾಂಪೌಂಡು, ಬಣ್ಣದ ಜೊತೆಗೆ ಇದನ್ನೂ ಕೇಳಿ: ನನ್ನ ಮಗಳು ಸೇತುಬಂಧದ ಪರೀಕ್ಷೆಯಲ್ಲಿ ಯಾವ ಮಟ್ಟದಲ್ಲಿದ್ದಳು, ಈಗ ಎಲ್ಲಿದ್ದಾಳೆ?

ದುಡ್ಡೇ ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ವಡೋದರ ಮತ್ತು ಮುಂಬೈಯ ಶಾಲೆಗಳಲ್ಲಿ ನಡೆದ ಬಾಲಸಖಿ ಕಾರ್ಯಕ್ರಮ ನನಗೆ ಧೈರ್ಯ ಕೊಟ್ಟಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರೂ ಅಧ್ಯಯನದಲ್ಲಿದ್ದರು, 2019ರಲ್ಲಿ ನೊಬೆಲ್ ಪಡೆದವರು. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅವರಿಗೆ ಬಾರದ ಮೂಲ ಪಾಠವನ್ನೇ ಕಲಿಸಿದರು. ಕಲಿಸಿದವರು ದೊಡ್ಡ ಪದವೀಧರರಲ್ಲ. ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು. ಅತ್ಯಂತ ಹಿಂದಿದ್ದ ಮಕ್ಕಳಿಗೇ ಅತಿ ಹೆಚ್ಚು ಲಾಭವಾಯಿತು. ಕಾರ್ಯಕ್ರಮ ನಿಂತ ಮೇಲೆ ಆ ಲಾಭದಲ್ಲಿ ಹೆಚ್ಚಿನ ಪಾಲು ಕರಗಿತು ಎಂಬುದನ್ನೂ ಹೇಳಬೇಕು. ಒಂದು ವರ್ಷ ಮಾಡಿ ಬಿಟ್ಟುಬಿಡುವ ಕೆಲಸವಲ್ಲ ಇದು. ನಿಮ್ಮ ಓಣಿಯಲ್ಲಿ ಡಿಗ್ರಿ ಓದುವ ಹುಡುಗಿ ಇದ್ದಾಳೆ. ಹಳ್ಳಿಯಾದರೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂರಲು ಜಾಗವಿದೆ, ಪುಸ್ತಕವಿದೆ. ನಾಲ್ಕು ಮನೆಯವರು ಸೇರಿ ಅವಳಿಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟರೆ, ಅವಳ ಕಾಲೇಜು ಫೀಗೂ ಆಯಿತು, ನಿಮ್ಮ ಮಕ್ಕಳಿಗೂ ಆಯಿತು. ಮನೆಯಲ್ಲಿ ಓದು ಬಾರದ ತಾಯಿ ಕೂಡ, "ಗಟ್ಟಿಯಾಗಿ ಓದು ಮಗಾ, ನಾನು ಕೇಳ್ತೀನಿ" ಎಂದು ರೊಟ್ಟಿ ತಟ್ಟುತ್ತಲೇ ಕೂರಬಹುದು. ಮಗು ಎಲ್ಲೆಲ್ಲಿ ತಡವರಿಸುತ್ತದೆ ಎಂಬುದು ಕಿವಿಗೆ ತಿಳಿಯುತ್ತದೆ.

ಅಂಕದ ಬಗ್ಗೆ ಒಂದೇ ಮಾತು. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಗ್ರೇಸ್ ಅಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಗ್ಗಲಿಲ್ಲ. ಅಷ್ಟು ವರ್ಷ ನಾವು ನೋಡಿ ಖುಷಿಪಟ್ಟ ಅಂಕಗಳಲ್ಲಿ ಕಲಿಕೆ ಎಷ್ಟಿತ್ತು ಎಂಬುದು ಬೆಳಕಿಗೆ ಬಂತು.

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ನಮ್ಮ ಹುಡುಗ ಈಗ್ಲೇ ಹತ್ತನೇ ಕ್ಲಾಸು ಸಾರ್. ಹಿಂದಿಂದ ಕಲಿಸೋಕೆ ಟೈಮೆಲ್ಲಿದೆ? ನೀವು ಹೇಳಿದ್ದೆಲ್ಲ ನಮಗೆ ತಡ ಆಯ್ತಲ್ಲ."

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಮ್ಮಾ, ತಡವಾಗಿಲ್ಲ, ಆದರೆ ಎರಡು ಕೆಲಸವನ್ನು ಬೇರೆ ಬೇರೆ ಮಾಡಬೇಕು. ಮಾರ್ಚ್‌ವರೆಗೆ ಗುರಿ ಪಾಸಾಗುವುದು. ಗಣಿತದಲ್ಲಿ ಕೆಳಗಿನ ತರಗತಿಯ ಹೊರೆ ಕಡಿಮೆ ಇರುವ ಪಾಠಗಳಿವೆ: ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಬಹುಲಕ, ಸಮೀಕರಣಗಳ ನಕ್ಷೆ, ಸಮಾಂತರ ಶ್ರೇಢಿಯ ನೇರ ಲೆಕ್ಕಗಳು. ಶಾಲೆಯಲ್ಲಿ ಪಾಸಿಂಗ್ ಪ್ಯಾಕೇಜ್ ಎಂದು ಮಾಡಿಸುತ್ತಾರಲ್ಲ, ಅದನ್ನು ಕೈಯಾರೆ ಮಾಡಿಸಿ, ನೋಡಿ ಬರೆಯುವುದು ಬೇಡ. ಅದರ ಜೊತೆ ದಿನಾ ಇಪ್ಪತ್ತು ನಿಮಿಷ ಮೈನಸ್ ಪ್ಲಸ್ ಲೆಕ್ಕ, ಭಿನ್ನರಾಶಿ, ಅಷ್ಟೇ. ಇದಕ್ಕೆ ಶಾಲೆಯ ಮೇಷ್ಟ್ರು ಸಾಕು, ಬೇರೆ ಫೀ ಬೇಕಿಲ್ಲ. ಪರೀಕ್ಷೆ-1ರಲ್ಲಿ ಒಂದು ವಿಷಯ ಉಳಿದರೂ ಅದೇ ವರ್ಷ ಪರೀಕ್ಷೆ-2 ಇದೆ, ವರ್ಷ ಹೋಗುವುದಿಲ್ಲ. ಟ್ಯೂಷನ್ನಿಗೆಂದು ಎತ್ತಿಟ್ಟ ದುಡ್ಡು ಇದ್ದರೆ ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಳ್ಳಿ. ಆಗ ಶಾಲೆಯ ಪೋರ್ಷನ್ ಬೆನ್ನು ಹತ್ತಿರುವುದಿಲ್ಲ, ನಾಳೆ ಟೆಸ್ಟು ಎಂಬ ಗಡಿಬಿಡಿ ಇರುವುದಿಲ್ಲ, ಕಲಿಸುವವರು ಐದನೇ ತರಗತಿಯಿಂದ ಶುರು ಮಾಡಿದರೂ ಯಾಕೆ ಎಂದು ಯಾರೂ ಕೇಳುವುದಿಲ್ಲ. ಪಿಯುಸಿಯಲ್ಲಿ ಆರ್ಟ್ಸೋ ಕಾಮರ್ಸೋ ಸೈನ್ಸೋ ಎಂಬುದನ್ನು ಆ ಎರಡು ತಿಂಗಳಲ್ಲಿ ಅವನ ಕೈ ಎಷ್ಟು ಕುದುರಿತು ಎಂದು ನೋಡಿ ತೀರ್ಮಾನಿಸಿ.